ವಿಮಾನದಲ್ಲಿ ಮಕ್ಕಳ ಊಟ: ಕಂಪನಿಯ ತಟ್ಟೆ, ಮನೆಯ ಡಬ್ಬಿ

ಬೆಂಗಳೂರಿನಿಂದ ಯುರೋಪಿಗೆ ಹೋಗುವ ಹಲವು ವಿಮಾನಗಳು ನಡುರಾತ್ರಿ ದಾಟಿದ ಮೇಲೆ, ಕೋಳಿ ಕೂಗುವುದಕ್ಕೆ ಮೊದಲು ಹೊರಡುತ್ತವೆ. ವಿಮಾನ ಮೇಲೇರಿ ಗಂಟೆ ಕಳೆಯುವಷ್ಟರಲ್ಲಿ ದೀಪ ಹೊತ್ತಿಕೊಳ್ಳುತ್ತದೆ, ಊಟದ ಗಾಡಿ ಬರುತ್ತದೆ. ಊರಿನ ಗಡಿಯಾರದಲ್ಲಿ ಆಗ ಬೆಳಗಿನ ನಾಲ್ಕು, ನಾಲ್ಕೂವರೆ. ಮಕ್ಕಳಿಗೆ ಅದು ರಾತ್ರಿಯ ಊಟದ ಹೊತ್ತೂ ಅಲ್ಲ, ಬೆಳಗಿನ ತಿಂಡಿಯ ಹೊತ್ತೂ ಅಲ್ಲ. ಎರಡನೆಯ ಸಲ ತಟ್ಟೆ ಬರುವುದು ಇಳಿಯಲು ಎರಡು ಗಂಟೆ ಇದೆ ಎನ್ನುವಾಗ. ಮಗುವಿಗೆ ನಿಜವಾಗಿ ಹಸಿವಾಗುವುದು ಈ ಎರಡರ ನಡುವೆ, ದೀಪಗಳೆಲ್ಲ ಆರಿ ಅಕ್ಕಪಕ್ಕದವರು ಹೊದ್ದು ಮಲಗಿರುವಾಗ.

ನಾವಿರುವುದು ಜರ್ಮನಿಯ ದಕ್ಷಿಣ ಭಾಗದಲ್ಲಿ. ಐದು ವರ್ಷದ ಮಗಳನ್ನೂ ಒಂದೂವರೆ ವರ್ಷದ ಮಗನನ್ನೂ ಕರೆದುಕೊಂಡು ಹಾಸನಕ್ಕೆ ಹೋಗಿಬರುವುದು ನಮ್ಮ ಮನೆಯ ವರ್ಷದ ದೊಡ್ಡ ಕೆಲಸ. ಇಲ್ಲಿನ ಕನ್ನಡ ಕುಟುಂಬಗಳು ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರಿದಾಗ ಚಿಕ್ಕ ಮಕ್ಕಳ ತಾಯಂದಿರ ಗುಂಪಿನಲ್ಲಿ ತಪ್ಪದೆ ಬರುವ ಪ್ರಶ್ನೆ ಒಂದಿದೆ: "ದಾರಿಯಲ್ಲಿ ಮಗುವಿಗೆ ಊಟಕ್ಕೆ ಏನು ಮಾಡಿದಿರಿ?" ಟಿಕೆಟ್ ಬೆಲೆ, ಲಗೇಜಿನ ತೂಕ ಎಲ್ಲವನ್ನೂ ಅಂತರ್ಜಾಲದಲ್ಲಿ ನೋಡಿಕೊಳ್ಳಬಹುದು. ಇದನ್ನು ಮಾತ್ರ ಹೋಗಿಬಂದವರ ಬಾಯಿಂದಲೇ ಕೇಳಬೇಕು. ಹಾಗೆ ಕೇಳಿದ್ದನ್ನೂ ನಾನು ಕಂಡದ್ದನ್ನೂ ಒಂದೆಡೆ ಬರೆದಿಡುತ್ತಿದ್ದೇನೆ. ಮೊದಲ ಬಾರಿ ಮೊಮ್ಮಕ್ಕಳನ್ನು ಕರೆದುಕೊಂಡು ಹೊರಡುವ ಅಜ್ಜ ಅಜ್ಜಿಯರಿಗೂ ಇದು ಉಪಯೋಗಕ್ಕೆ ಬರಲಿ ಎಂಬ ಆಸೆ.

ಕಂಪನಿ ಕೊಡುವ ಊಟದಿಂದ ಶುರುಮಾಡುತ್ತೇನೆ. ವಿಶೇಷ ಊಟಗಳಿಗೆ ಪ್ರಪಂಚದ ಹೆಚ್ಚಿನ ವಿಮಾನ ಕಂಪನಿಗಳು ನಾಲ್ಕಕ್ಷರದ ಒಂದೇ ಬಗೆಯ ಸಂಕೇತಗಳನ್ನು ಬಳಸುತ್ತವೆ. ಎರಡು ವರ್ಷ ತುಂಬದ ಕೂಸಿಗೆ ಬಿಬಿಎಂಎಲ್. ಎರಡು ತುಂಬಿದ ಮೇಲೆ ಹನ್ನೆರಡರವರೆಗೆ ಸಿಎಚ್‌ಎಂಎಲ್. ನಮ್ಮ ಕಡೆಯ ಸಸ್ಯಾಹಾರಿಗಳಿಗೆ ಹೊಂದುವುದು ಎವಿಎಂಎಲ್, ಅಂದರೆ ಏಷ್ಯನ್ ಸಸ್ಯಾಹಾರ. ಅನ್ನ, ಪಲ್ಯ, ದಾಲ್, ಪನೀರ್ ಇರುವ ತಟ್ಟೆ. ಗೆಡ್ಡೆ ಗೆಣಸು, ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ಜೈನರಿಗೆ ವಿಜೆಎಂಎಲ್. ಹಾಲು ತುಪ್ಪವೂ ಬೇಡವೆಂದರೆ ವಿಜಿಎಂಎಲ್. ಬರಿಯ ಹಣ್ಣಿನ ತಟ್ಟೆ ಎಫ್‌ಪಿಎಂಎಲ್, ಖಾರ ಮಸಾಲೆ ಇಲ್ಲದ ಸಪ್ಪೆ ಊಟ ಬಿಎಲ್‌ಎಂಎಲ್. ಈ ಪಟ್ಟಿಯಲ್ಲಿ ಹಿರಿಯರು ಮುಖ್ಯವಾಗಿ ಎಚ್ಚರ ವಹಿಸಬೇಕಾದದ್ದು ಎಚ್‌ಎನ್‌ಎಂಎಲ್ ಬಗ್ಗೆ. ಅದರ ಹೆಸರು 'ಹಿಂದೂ ಊಟ' ಎಂದಿರುವುದರಿಂದ ಸಸ್ಯಾಹಾರವೆಂದು ನಂಬಿ ಗುರುತು ಹಾಕುವವರು ಬಹಳ. ಅದು ಮಾಂಸದ ಊಟ. ದನದ ಮಾಂಸ ಇರುವುದಿಲ್ಲ, ಅಷ್ಟೆ. ಕೋಳಿ, ಕುರಿ, ಮೀನು ಇರುತ್ತವೆ. 2018ರ ಜುಲೈನಲ್ಲಿ ಎಮಿರೇಟ್ಸ್ ಈ ಆಯ್ಕೆಯನ್ನು ಕೈಬಿಡುವುದಾಗಿ ಹೇಳಿ, ಪ್ರಯಾಣಿಕರು ಆಕ್ಷೇಪಿಸಿದ ಕೂಡಲೇ ಮತ್ತೆ ತಂದಾಗ ಪತ್ರಿಕೆಗಳಲ್ಲಿ ಬಂದ ಚರ್ಚೆಯಿಂದಲೇ ಎಷ್ಟೋ ಜನರಿಗೆ ಅದು ಮಾಂಸಾಹಾರವೆಂದು ಗೊತ್ತಾಯಿತು.

ಈ ಊಟಗಳನ್ನು ಬಹುತೇಕ ಕಂಪನಿಗಳಲ್ಲಿ ಹೊರಡುವುದಕ್ಕೆ ಕನಿಷ್ಠ 24 ಗಂಟೆ ಮುಂಚೆ ಕೇಳಿರಬೇಕು. ಕೆಲವು ಬಗೆಯ ಊಟಕ್ಕೆ 48 ಗಂಟೆ. ಇದಕ್ಕೆ ಕಾರಣವಿದೆ. ವಿಮಾನದ ಊಟ ವಿಮಾನದಲ್ಲಿ ಬೇಯುವುದಿಲ್ಲ. ನಿಲ್ದಾಣದ ಪಕ್ಕದ ದೊಡ್ಡ ಅಡುಗೆಮನೆಗಳಲ್ಲಿ, ಬೆಂಗಳೂರಿನಲ್ಲಾದರೆ ತಾಜ್‌ಸ್ಯಾಟ್ಸ್‌ನಂತಹ ಸಂಸ್ಥೆಗಳಲ್ಲಿ, ಎಷ್ಟೋ ಗಂಟೆ ಮುಂಚೆಯೇ ಬೇಯಿಸಿ, ತಕ್ಷಣ 5 ಡಿಗ್ರಿಗಿಂತ ಕೆಳಕ್ಕೆ ತಣಿಸಿ, ತಟ್ಟೆಗೆ ಹಾಕಿ ಮುಚ್ಚಿ, ಗಾಡಿಯಲ್ಲಿ ತುಂಬುತ್ತಾರೆ. ಮೇಲೆ ಸಿಬ್ಬಂದಿ ಮಾಡುವುದು ಓವನ್ನಿನಲ್ಲಿ ಬಿಸಿ ಮಾಡುವ ಕೆಲಸವನ್ನು ಮಾತ್ರ. ಸಾಮಾನ್ಯ ಊಟ ನೂರಾರು ಇರುತ್ತದೆ. ಮಕ್ಕಳ ಊಟ ಎಣಿಸಿ ನಾಲ್ಕೋ ಐದೋ, ಒಂದೊಂದಕ್ಕೂ ಸೀಟಿನ ಸಂಖ್ಯೆಯ ಚೀಟಿ. ಕೇಳದೆ ಹತ್ತಿದವರಿಗೆ ಮೇಲೆ ಯಾರೂ ಹೊಸದಾಗಿ ಮಾಡಿಕೊಡಲಾರರು, ಎಷ್ಟೇ ಒಳ್ಳೆಯ ಮನಸ್ಸಿನವರಾದರೂ.

ಮುಖ್ಯ ತೊಡಕು ಬೇರೆಯದು. ಹೆಚ್ಚಿನ ಕಂಪನಿಗಳ ವ್ಯವಸ್ಥೆಯಲ್ಲಿ ಒಂದು ಸೀಟಿಗೆ ಒಂದೇ ಸಂಕೇತ ಹಾಕಲು ಬರುತ್ತದೆ. ಮಗು ಎಂದು ಹಾಕಿದರೆ ಸಸ್ಯಾಹಾರಿ ಎಂದು ಹಾಕುವಂತಿಲ್ಲ. ಸಸ್ಯಾಹಾರಿ ಎಂದು ಹಾಕಿದರೆ ಮಗು ಎಂದು ಹಾಕುವಂತಿಲ್ಲ. ಮಕ್ಕಳ ಊಟವೆಂದರೆ ಅವರ ಲೆಕ್ಕದಲ್ಲಿ ಕೆಂಪು ಸಾಸಿನ ಪಾಸ್ತಾ, ಕೋಳಿಯ ತುಂಡುಗಳು, ಸಾಸೇಜ್, ಆಲೂಗಡ್ಡೆ, ಒಂದು ಚಾಕೊಲೇಟ್. ಅದು ಸಸ್ಯಾಹಾರವೇ ಆಗಿರುತ್ತದೆಂದು ಯಾರೂ ಮಾತು ಕೊಡುವುದಿಲ್ಲ. ಇತ್ತ ಏಷ್ಯನ್ ಸಸ್ಯಾಹಾರವನ್ನು ಮಾಡುವುದು ದೊಡ್ಡವರ ನಾಲಿಗೆಗೆ. ಗರಂ ಮಸಾಲೆ ಹಾಕಿದ ಕಡಲೆ, ಖಾರದ ಪನೀರ್, ಮೇಲೆ ಉಪ್ಪಿನಕಾಯಿಯ ಪೊಟ್ಟಣ. ಐದು ವರ್ಷದ ಮಗು ಎರಡು ತುತ್ತಿಗೆ ನೀರು ಕೇಳುತ್ತದೆ. ಕರ್ನಾಟಕದ, ಗುಜರಾತಿನ, ತಮಿಳುನಾಡಿನ ಲಕ್ಷಾಂತರ ಮನೆಗಳಲ್ಲಿ ಮಗು ಎಂದರೆ ಸಸ್ಯಾಹಾರಿ ಮಗುವೇ. ಆ ಮಕ್ಕಳು ದಿನವೂ ಇದೇ ವಿಮಾನಗಳಲ್ಲಿ ಓಡಾಡುತ್ತಿದ್ದಾರೆ. ಹೀಗಿರುವಾಗ ವಯಸ್ಸು ಬೇಕೋ ಆಹಾರ ಪದ್ಧತಿ ಬೇಕೋ, ಒಂದನ್ನು ಆರಿಸಿಕೊಳ್ಳಿ ಎನ್ನುವುದು ನನಗೆ ಸರಿಯಾಗಿ ಕಾಣುವುದಿಲ್ಲ. ಮೊಸರನ್ನ, ಬೇಳೆ ಕಟ್ಟಿನ ಅನ್ನ, ಬೇಯಿಸಿದ ಕ್ಯಾರೆಟ್: ಇಷ್ಟನ್ನು ಮಾಡಲು ಬಾರದ ಅಡುಗೆಮನೆಗಳೇನೂ ಅವಲ್ಲ. ಬೇಕಾಗಿರುವುದು ಅರ್ಜಿಯಲ್ಲಿ ಎರಡನೆಯ ಚೌಕ.

ಆ ಚೌಕ ಬರುವವರೆಗೆ ಮಾಡಬೇಕಾದದ್ದು ಫೋನು. ಬುಕಿಂಗ್ ಆದ ಮೇಲೆ ಕಂಪನಿಗೆ ಕರೆ ಮಾಡಿ, "ಈ ದಿನದ, ಈ ಸಂಖ್ಯೆಯ ವಿಮಾನದಲ್ಲಿ ಮಕ್ಕಳ ಊಟ ಸಸ್ಯಾಹಾರವೇ?" ಎಂದು ನೇರವಾಗಿ ಕೇಳಿ. ಹೋಗುವಾಗಿನ ಉತ್ತರ ಬರುವಾಗಿನದಕ್ಕೆ ಹೊಂದುವುದಿಲ್ಲ, ಏಕೆಂದರೆ ಊಟ ತುಂಬುವುದು ಸಾಮಾನ್ಯವಾಗಿ ಹೊರಡುವ ಊರಿನ ಅಡುಗೆಮನೆಯಿಂದ. ಬೆಂಗಳೂರಿನಲ್ಲಿ ತುಂಬಿದ ತಟ್ಟೆಗೂ ಜರ್ಮನಿಯಲ್ಲಿ ತುಂಬಿದ ತಟ್ಟೆಗೂ ಹೆಸರು ಒಂದೇ ಇರುತ್ತದೆ, ಒಳಗಿರುವುದು ಬೇರೆ. ಮಗುವಿಗೆ ಕಡಲೆಬೀಜ, ಗೋಡಂಬಿ, ಹಾಲು ಒಗ್ಗದಿದ್ದರೆ ಈ ಕರೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಬೀಜಗಳ ಸೋಂಕೇ ಇಲ್ಲದ ಊಟ ಎಂದು ಕಂಪನಿಗಳು ಭರವಸೆ ಕೊಡುವುದಿಲ್ಲ. ಅಂತಹ ಮಕ್ಕಳಿಗೆ ಮನೆಯ ಡಬ್ಬಿಯೊಂದೇ ಗಟ್ಟಿ ದಾರಿ, ವೈದ್ಯರು ಬರೆದುಕೊಟ್ಟ ಔಷಧಿ ಕೈಚೀಲದಲ್ಲೇ ಇರಲಿ.

ಮಡಿಲಲ್ಲಿ ಕೂರುವ ಕೂಸಿಗೆ ಸೀಟಿರುವುದಿಲ್ಲ, ಹಾಗಾಗಿ ಕೇಳದಿದ್ದರೆ ಊಟವೂ ಇರುವುದಿಲ್ಲ. ಕೇಳಿದರೆ ಬರುವುದು ಸಾಮಾನ್ಯವಾಗಿ ಸಣ್ಣ ಗಾಜಿನ ಬಾಟಲಿಗಳಲ್ಲಿರುವ ಹಣ್ಣಿನ, ತರಕಾರಿಯ ಮೆದುವಾದ ಮುದ್ದೆ. ಕೆಲವೊಮ್ಮೆ ತರಕಾರಿಯೊಂದಿಗೆ ಮಾಂಸ ಸೇರಿರುತ್ತದೆ, ಮುಚ್ಚಳದ ಚೀಟಿ ಓದಿ ತೆರೆಯಿರಿ. ಇನ್ನೊಂದು ವಿಷಯ: ಹೋಗುವಾಗ ಎರಡು ತುಂಬದ ಮಗುವಿಗೆ ಊರಿನಲ್ಲಿದ್ದಾಗ ಹುಟ್ಟುಹಬ್ಬ ಬಂದರೆ, ಬರುವಾಗ ಅದಕ್ಕೆ ಸ್ವಂತ ಸೀಟು ಬೇಕು, ಊಟದ ಸಂಕೇತವೂ ಬದಲಾಗಬೇಕು.

ವಿಮಾನ ಬದಲಾದರೆ ಊಟದ ಕೋರಿಕೆ ಬಿದ್ದುಹೋಗುತ್ತದೆ ಎಂಬುದು ನಮಗೆ ಗೊತ್ತಾದದ್ದು ಒಂದು ಬೇಸಿಗೆಯಲ್ಲಿ. ಮೊದಲ ವಿಮಾನ ತಡವಾಗಿ, ಮುಂದಿನದು ತಪ್ಪಿ, ನಮ್ಮನ್ನು ಇನ್ನೊಂದು ಕಂಪನಿಯ ವಿಮಾನಕ್ಕೆ ಹತ್ತಿಸಿದರು. ಟಿಕೆಟ್ ಹೊಸದಾಗಿ ಬರೆದರು, ಹಳೆಯದರಲ್ಲಿದ್ದ ಊಟದ ಕೋರಿಕೆ ಅದರೊಂದಿಗೆ ಬರಲಿಲ್ಲ. ಮಗಳ ಮುಂದೆ ಬಂದ ತಟ್ಟೆಯ ತಗಡಿನ ಮುಚ್ಚಳ ತೆಗೆದರೆ ಎರಡು ಸಾಸೇಜ್, ಒಂದಿಷ್ಟು ಬಟಾಣಿ. ಅವಳು ನನ್ನ ಮುಖ ನೋಡಿದಳು. "ಅಮ್ಮಾ, ಇದು ನಾವು ತಿನ್ನುವುದಾ?" ಎಂದಳು. ಹಿರಿಯ ಗಗನಸಖಿಯೊಬ್ಬರು ತಟ್ಟೆ ತೆಗೆದುಕೊಂಡು ಹೋಗಿ, ಮುಂದಿನ ದರ್ಜೆಯಿಂದ ಒಂದು ಬಟ್ಟಲು ಹಣ್ಣು, ಬೆಚ್ಚಗಿನ ಎರಡು ಬನ್ನು, ಬೆಣ್ಣೆ ತಂದುಕೊಟ್ಟರು. ಆ ಹೆಣ್ಣುಮಗಳ ಕರುಣೆಯನ್ನು ನಾನು ಮರೆಯುವುದಿಲ್ಲ. ಆದರೆ ವ್ಯವಸ್ಥೆ ಮಾಡಬೇಕಾದ ಕೆಲಸವನ್ನು ಒಬ್ಬರ ಕರುಣೆ ಮಾಡಬೇಕಾಗಿ ಬಂತು. ವಿಮಾನ ಬದಲಿಸಿ ಕೊಡುವ ಕೌಂಟರಿನಲ್ಲಿ ನಿಂತಾಗ ಸೀಟು, ಲಗೇಜು ಕೇಳುವಂತೆಯೇ "ಮಕ್ಕಳ ಊಟದ ಕೋರಿಕೆ ಸೇರಿಸಿದಿರಾ?" ಎಂದು ಕೇಳುವುದನ್ನು ಅಂದಿನಿಂದ ರೂಢಿ ಮಾಡಿಕೊಂಡಿದ್ದೇವೆ. ಎರಡು ಕಂಪನಿಗಳು ಪಾಲುದಾರರಾಗಿ ಒಂದೇ ಟಿಕೆಟ್ ಕೊಟ್ಟಿರುವಾಗಲೂ ಅಷ್ಟೆ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಲುಪಿದೆಯೇ ಎಂದು ಪ್ರತಿ ಹಂತಕ್ಕೂ ಬೇರೆ ಬೇರೆಯಾಗಿ ಕೇಳಬೇಕು.

ಇಷ್ಟೆಲ್ಲ ಸರಿಯಾಗಿ ನಡೆದು, ಕೇಳಿದ ಊಟವೇ ಬಂದರೂ ಮಗು ತಿನ್ನುತ್ತದೆಂದು ಹೇಳಲಾಗದು. ಇದರಲ್ಲಿ ಮಗುವಿನ ಹಟಕ್ಕಿಂತ ಗಾಳಿಯ ಪಾಲು ದೊಡ್ಡದು. ಕ್ಯಾಬಿನ್ನಿನ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ ಇರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ ಆರು ಸಾವಿರದ ಮುನ್ನೂರು ಅಡಿ. ಅಂದರೆ ಅಲ್ಲಿ ಅಥವಾ ಅದಕ್ಕಿಂತ ಮೇಲೆ ಕೂತು ಉಣ್ಣುತ್ತಿದ್ದೇವೆ. ಗಾಳಿಯ ತೇವವೋ ಶೇಕಡ 20ಕ್ಕಿಂತ ಕಡಿಮೆ, ಮೂಗು ಒಣಗಿರುತ್ತದೆ. ಲುಫ್ತಾನ್ಸಾ ವಿಮಾನ ಕಂಪನಿಗಾಗಿ ಜರ್ಮನಿಯ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆ 2010ರ ಹೊತ್ತಿಗೆ ನೆಲದ ಮೇಲೆಯೇ ವಿಮಾನದಂತಹ ಒತ್ತಡದ ಕೋಣೆಯಲ್ಲಿ ಜನರನ್ನು ಕೂರಿಸಿ ಪರೀಕ್ಷಿಸಿತು. ಉಪ್ಪಿನ ರುಚಿ ಸುಮಾರು ಶೇಕಡ 30ರವರೆಗೂ ಸಿಹಿಯದು ಶೇಕಡ 15ರಿಂದ 20ರಷ್ಟೂ ಮಂಕಾಗುತ್ತದೆ ಎಂದು ಕಂಡುಕೊಂಡಿತು. ಎಂಜಿನ್ನಿನ ಸದ್ದಿನಷ್ಟೇ ದೊಡ್ಡ ಸದ್ದು ಕೇಳುತ್ತಿದ್ದರೆ ಸಿಹಿ ಮಂಕಾಗಿ, ಟೊಮೆಟೊದಂತಹ ಆಹಾರದಲ್ಲಿರುವ ಉಮಾಮಿ, ಅಂದರೆ ಸಿಹಿ, ಹುಳಿ, ಉಪ್ಪು, ಕಹಿಗಳಿಗೆ ಸೇರದ ಐದನೆಯ ರುಚಿ, ಎದ್ದು ಕಾಣುತ್ತದೆಂದು ಕಾರ್ನೆಲ್ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದರು. ಮಕ್ಕಳ ತಟ್ಟೆಯಲ್ಲಿ ಬಹಳ ಸಲ ಕೆಂಪು ಸಾಸಿನ ಪಾಸ್ತಾವೊಂದೇ ಖಾಲಿಯಾಗುವುದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನ್ನ ಊಹೆ. ದೊಡ್ಡವರ ನಾಲಿಗೆಗೆ ರುಚಿ ಹತ್ತಲೆಂದು ಉಪ್ಪು ಖಾರ ಹೆಚ್ಚಿಸುವ ಅಡುಗೆಮನೆಗಳಿವೆ. ಚಿಕ್ಕ ಮಗುವಿಗೆ ಅಷ್ಟು ಉಪ್ಪು ಬೇಡವೇ ಬೇಡ.

ಹೀಗಾಗಿ ಕಂಪನಿಯ ತಟ್ಟೆಯನ್ನು ನಾನು ಮಗುವಿನ ಮುಖ್ಯ ಊಟವೆಂದು ಎಣಿಸುವುದನ್ನೇ ಬಿಟ್ಟಿದ್ದೇನೆ. ತಟ್ಟೆ ಬರಲಿ, ಚಿಕ್ಕ ಚಿಕ್ಕ ಡಬ್ಬಿಗಳ ಮುಚ್ಚಳ ತೆಗೆಯುವುದು, ಬಣ್ಣದ ಚಮಚ, ತ್ರಿಕೋನದ ಚೀಸ್, ಇವೆಲ್ಲ ಮಗಳಿಗೆ ಅರ್ಧ ಗಂಟೆಯ ಹಬ್ಬ. ಅದರಲ್ಲಿ ಸೌತೆಕಾಯಿಯೋ ಬನ್ನೋ ಹಣ್ಣೋ ಹೊಟ್ಟೆಗೆ ಹೋದರೆ ಅಷ್ಟೂ ಲಾಭ. ವಿಶೇಷ ಊಟಗಳನ್ನು ಸಾಮಾನ್ಯವಾಗಿ ಉಳಿದವರಿಗಿಂತ ಮುಂಚೆ ಕೊಡುತ್ತಾರೆ, ಇದೊಂದು ದೊಡ್ಡ ಅನುಕೂಲ; ಮಗುವಿಗೆ ತಿನ್ನಿಸಿ ಮುಗಿಸುವ ಹೊತ್ತಿಗೆ ನಮ್ಮ ತಟ್ಟೆ ಬರುತ್ತದೆ. ಮಗು ಮಲಗಿದ್ದರೆ ಎಬ್ಬಿಸುವುದು ಬೇಡ. ಕಾಯಿಸಿದ ಊಟವನ್ನು ಸಿಬ್ಬಂದಿ ಬಹಳ ಹೊತ್ತು ಇಟ್ಟುಕೊಳ್ಳುವಂತಿಲ್ಲ, ಅದು ಆಹಾರ ಸುರಕ್ಷತೆಯ ನಿಯಮ. ಬನ್ನು, ಹಣ್ಣು, ಪೊಟ್ಟಣದ ತಿಂಡಿಯನ್ನು ತೆಗೆದಿಟ್ಟುಕೊಂಡು ಉಳಿದದ್ದನ್ನು ಹಿಂದಿರುಗಿಸಬಹುದು.

ಹೊಟ್ಟೆ ತುಂಬಿಸುವುದು ಮನೆಯ ಡಬ್ಬಿ. ಇಲ್ಲಿ ನಮ್ಮ ಅಜ್ಜಿಯರ ದಾರಿಬುತ್ತಿಯ ಜಾಣ್ಮೆ ಹೇಗೆ ಒದಗುತ್ತದೆಂಬುದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು.

ಮೇಲೆ ನಮಗೆ ಸಿಗುವುದು ಬಿಸಿನೀರು ಮಾತ್ರ. ಹೊರಗಿನಿಂದ ತಂದ ಊಟವನ್ನು ಓವನ್ನಿನಲ್ಲಿ ಬಿಸಿ ಮಾಡಿಕೊಡಲು ಹೆಚ್ಚಿನ ಕಂಪನಿಗಳು ಒಪ್ಪುವುದಿಲ್ಲ. ಆ ಬಿಸಿನೀರೂ ನೆಲದ ಮೇಲಿನಷ್ಟು ಬಿಸಿಯಲ್ಲ. ಎಂಟು ಸಾವಿರ ಅಡಿಯ ಒತ್ತಡದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಹಸಿ ರಾಗಿಹಿಟ್ಟಿನ ಸರಿ ಇದರಲ್ಲಿ ಬೇಯುವುದಿಲ್ಲ, ಹೊಟ್ಟೆ ನೋವು ಬರುತ್ತದೆ. ಹುರಿಹಿಟ್ಟು ಹಾಗಲ್ಲ, ಅದು ಮನೆಯಲ್ಲೇ ಬೆಂದು ಮುಗಿದಿರುತ್ತದೆ. ಹಾಸನದಲ್ಲಿ ನನ್ನ ಅಮ್ಮ ನಾವು ಹೊರಡುವ ವಾರ ರಾಗಿ ತೊಳೆದು, ನೀರು ಬಸಿದು, ಮಜ್ಜಿಗೆ ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಇಡುತ್ತಾಳೆ. ಬೆಳಿಗ್ಗೆ ನೆರಳಿನಲ್ಲಿ ಆರಿಸಿ, ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದೊಂದು ಹಿಡಿ ಹಾಕುತ್ತಾಳೆ. ಕಾವು ಕಡಿಮೆಯಾದರೆ ರಾಗಿ ಸುಮ್ಮನೆ ಕಪ್ಪಾಗುತ್ತದೆ. ಸರಿಯಾಗಿದ್ದರೆ ಚಟಪಟನೆ ಸಿಡಿದು ಬಿಳಿ ಅರಳಾಗುತ್ತದೆ, ಅಡುಗೆಮನೆಯ ತುಂಬ ಘಮ. ಅದನ್ನು ಬೀಸಿ, ಜರಡಿ ಹಿಡಿದು, ಎರಡು ಡಬ್ಬಿ ಮಾಡುತ್ತಾಳೆ. ಮಗಳ ಡಬ್ಬಿಗೆ ಹುರಿಗಡಲೆ ಹಿಟ್ಟು, ಬೆಲ್ಲದ ಪುಡಿ, ಏಲಕ್ಕಿ. ಮಗನದಕ್ಕೆ ಏನೂ ಸೇರಿಸುವುದಿಲ್ಲ. ಎರಡು ವರ್ಷದವರೆಗೆ ಮಕ್ಕಳಿಗೆ ಸಕ್ಕರೆ ಬೆಲ್ಲ ಹಾಕಬೇಡಿ ಎಂದು ಮಕ್ಕಳ ವೈದ್ಯರು ಹೇಳುವುದನ್ನು ಅಮ್ಮನೂ ಒಪ್ಪಿಕೊಂಡಿದ್ದಾಳೆ.

ವಿಮಾನದಲ್ಲಿ ಮಾಡುವುದು ಹೀಗೆ. ಮುಚ್ಚಳವಿರುವ ಸ್ಟೀಲ್ ಲೋಟಕ್ಕೆ ಅರ್ಧದಷ್ಟು ಬಿಸಿನೀರು ಹಾಕಿಸಿಕೊಂಡು, ಸ್ವಲ್ಪ ಆರಲು ಬಿಟ್ಟು, ಹುರಿಹಿಟ್ಟನ್ನು ಚಮಚದಲ್ಲಿ ಉದುರಿಸುತ್ತಾ ಕಲೆಸಬೇಕು. ಬೇಕಾದುದಕ್ಕಿಂತ ತೆಳುವಾಗಿರಲಿ, ಎರಡು ನಿಮಿಷದಲ್ಲಿ ಅದು ನೀರು ಹೀರಿ ಗಟ್ಟಿಯಾಗುತ್ತದೆ. ಮೇಲೆ ಒಂದು ಏಲಕ್ಕಿ ಬಾಳೆಹಣ್ಣನ್ನು ಕಿವುಚಿದರೆ ಕೂಸಿನ ಊಟ ಸಿದ್ಧ. ದೀಪ ಆರಿದ ಆ ನಡುಹೊತ್ತಿನಲ್ಲಿ, ಯಾರನ್ನೂ ಎಬ್ಬಿಸದೆ, ಒಂದು ಲೋಟ ನೀರು ಕೇಳಿ ಐದು ನಿಮಿಷದಲ್ಲಿ ಮಗುವಿನ ಹೊಟ್ಟೆ ತಣ್ಣಗಾಗುತ್ತದೆ. ಯಾವ ಸಂಕೇತದ ಊಟವೂ ಆ ಹೊತ್ತಿಗೆ ಇಷ್ಟು ಒದಗುವುದಿಲ್ಲ.

ಮಗಳಿಗೆ ಗೊಜ್ಜವಲಕ್ಕಿ ಇಷ್ಟ. ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ, ಹುಣಸೆಹುಳಿ ಬೆಲ್ಲದ ಗೊಜ್ಜು ಕಾಯಿಸಿ ಪೂರ್ತಿ ಇಂಗಿಸಿ, ಸಾರಿನ ಪುಡಿ ಅರ್ಧಕ್ಕೆ ಇಳಿಸಿ, ಒಣಗಿದಂತೆ ಮಾಡಿಟ್ಟರೆ ಬಿಸಿನೀರು ಚಿಮುಕಿಸಿ ಹತ್ತು ನಿಮಿಷ ಮುಚ್ಚಿಟ್ಟರಾಯಿತು. ಹುಳಿ, ಸಿಹಿ, ಉಪ್ಪು ಮೂರೂ ಇರುವುದರಿಂದ ಮೇಲಿನ ಮಂಕು ನಾಲಿಗೆಗೂ ಅದು ರುಚಿಸುತ್ತದೆ. ಅಂಗಡಿಯಲ್ಲಿ ಸಿಗುವ, ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟಿನ ಕಪ್ಪುಗಳು ದೊಡ್ಡ ಮಕ್ಕಳಿಗೆ ಆಗಬಹುದು. ಕೂಸಿಗೆ ಅವುಗಳ ಉಪ್ಪು ಹೆಚ್ಚು. ಇಡ್ಲಿ ತುಪ್ಪ ಸವರಿ, ಪೂರ್ತಿ ಆರಿದ ಮೇಲೆ ಕಟ್ಟಿದರೆ ಮೊದಲ ಕೆಲವು ಗಂಟೆಗೆ ಒಳ್ಳೆಯದು.

ಮೊಸರನ್ನದ ಬಗ್ಗೆ ಬೇರೆಯಾಗಿ ಹೇಳಬೇಕು, ಏಕೆಂದರೆ ಎಲ್ಲರ ಮನಸ್ಸಿಗೆ ಮೊದಲು ಬರುವುದು ಅದೇ. ಹಾಲು ಹೆಚ್ಚು ಹಾಕಿ, ಒಂದೇ ಚಮಚ ಮೊಸರಿನಲ್ಲಿ ಕಲೆಸಿದರೆ ಹುಳಿಯಾಗದೆ ಉಳಿಯುತ್ತದೆಂಬ ಹಳೆಯ ಉಪಾಯ ರುಚಿಗೆ ಸರಿ. ಆದರೆ ಲೆಕ್ಕ ಹಾಕಿ ನೋಡಿ. ಬೆಂಗಳೂರಿನ ದಕ್ಷಿಣದ ಬಡಾವಣೆಗಳಿಂದ ದೇವನಹಳ್ಳಿಗೆ ಎರಡು ಗಂಟೆ, ಹೊರಡುವುದಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಬೇಕು. ರಾತ್ರಿ ಒಂಬತ್ತಕ್ಕೆ ಕಲೆಸಿದ ಅನ್ನ ನಡುದಾರಿಯ ಹಸಿವಿನ ಹೊತ್ತಿಗೆ ಹತ್ತು ಗಂಟೆ ಹಳೆಯದು. ಬೆಂದ ಅನ್ನ ಬೆಚ್ಚಗಿನ ಡಬ್ಬಿಯಲ್ಲಿ ಅಷ್ಟು ಹೊತ್ತು ಇದ್ದರೆ ಬ್ಯಾಕ್ಟೀರಿಯಾ ಬೆಳೆದು ವಾಂತಿ ಭೇದಿಗೆ ಕಾರಣವಾಗಬಹುದು, ಹುಳಿ ಬಾರದಿದ್ದರೂ. ನಾವು ಮೊಸರನ್ನವನ್ನು ನಿಲ್ದಾಣದಲ್ಲಿ ಕಾಯುವಾಗಲೇ ತಿನ್ನಿಸಿ ಡಬ್ಬಿ ತೊಳೆದುಬಿಡುತ್ತೇವೆ. ವಿಮಾನ ಹತ್ತುವಾಗ ಮಗು ಹೊಟ್ಟೆ ತುಂಬಿದ್ದರೆ ಆ ನಾಲ್ಕು ಗಂಟೆಯ ತಟ್ಟೆಯ ಗೋಜಿಲ್ಲದೆ ಮಲಗುತ್ತದೆ.

ಉಸಿರುಗಟ್ಟಿಸಬಹುದಾದ ತಿಂಡಿಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳ ಡಬ್ಬಿಗೆ ಹಾಕಲೇಬೇಡಿ: ಇಡೀ ಕಡಲೆಬೀಜ, ಗೋಡಂಬಿ, ಇಡೀ ದ್ರಾಕ್ಷಿ, ಪಾಪ್‌ಕಾರ್ನ್. ವಿಮಾನ ಯಾವ ಕ್ಷಣದಲ್ಲಾದರೂ ಕುಲುಕಬಹುದು, ಸಹಾಯ ನೆಲದಲ್ಲಿರುವಷ್ಟು ಹತ್ತಿರವಿಲ್ಲ. ವರ್ಷ ತುಂಬದ ಕೂಸಿಗೆ ಜೇನುತುಪ್ಪ ಎಲ್ಲಿಯೂ ಬೇಡ.

ಪುಡಿ ಹಾಲು ಕುಡಿಯುವ ಕೂಸಿಗೆ ನೀರಿನದೇ ಚಿಂತೆ. ಪುಡಿಯನ್ನು 70 ಡಿಗ್ರಿಗಿಂತ ಕಡಿಮೆಯಿಲ್ಲದ ನೀರಿನಲ್ಲಿ ಕಲೆಸಿ ಆಮೇಲೆ ಆರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಿಮಾನದ ತೊಟ್ಟಿಯ ನೀರಿಗಿಂತ ನಾನು ಮನೆಯಿಂದ ಕುದಿಸಿ ಥರ್ಮಾಸಿನಲ್ಲಿ ತಂದ ನೀರನ್ನು ನಂಬುತ್ತೇನೆ. ಕಲೆಸಿದ ಬಾಟಲಿಯನ್ನು ಬೆಚ್ಚಗೆ ಮಾಡಲು ಬಿಸಿನೀರಿನ ಜಗ್ಗಿನಲ್ಲಿ ಇಟ್ಟುಕೊಡಿ ಎಂದರೆ ಸಿಬ್ಬಂದಿ ಮಾಡಿಕೊಡುತ್ತಾರೆ. ಬಾಟಲಿಯೋ ಎದೆಹಾಲೋ, ಒಂದು ಸರದಿಯನ್ನು ಇಳಿಯುವ ಹೊತ್ತಿಗೆ ಉಳಿಸಿಕೊಳ್ಳಿ. ಕಿವಿ ಕಟ್ಟಿ ನೋಯುವುದು ಏರುವಾಗಿಗಿಂತ ಇಳಿಯುವಾಗ ಹೆಚ್ಚು, ಚಪ್ಪರಿಸಿ ನುಂಗುತ್ತಿದ್ದರೆ ಕಿವಿಯ ಒತ್ತಡ ಸರಿಹೊಂದುತ್ತದೆ. ನೆಲ ಮುಟ್ಟುವುದಕ್ಕೆ ಸುಮಾರು ಅರ್ಧ ಗಂಟೆ ಮುಂಚೆಯೇ ವಿಮಾನ ಕೆಳಗಿಳಿಯಲು ತೊಡಗುತ್ತದೆ, ಆಗಲೇ ಶುರುಮಾಡಬೇಕು.

ಇದನ್ನೆಲ್ಲ ಭದ್ರತಾ ತಪಾಸಣೆಯಲ್ಲಿ ಬಿಡುತ್ತಾರೆಯೇ ಎಂದು ಅಮ್ಮ ಪ್ರತಿಸಲವೂ ಕೇಳುತ್ತಾಳೆ. 2006ರ ಆಗಸ್ಟ್‌ನಲ್ಲಿ, ದ್ರವರೂಪದ ಸ್ಫೋಟಕಗಳಿಂದ ವಿಮಾನಗಳನ್ನು ಸ್ಫೋಟಿಸುವ ಲಂಡನ್ನಿನ ಸಂಚು ಬಯಲಾದ ಮೇಲೆ ದ್ರವಗಳಿಗೆ 100 ಮಿಲಿಲೀಟರಿನ ಮಿತಿ ಬಂತು. ಪ್ರಯಾಣಕ್ಕೆ ಬೇಕಾಗುವಷ್ಟು ಕೂಸಿನ ಹಾಲು, ನೀರು, ಆಹಾರಕ್ಕೆ ಭಾರತದಲ್ಲೂ ಯುರೋಪಿನಲ್ಲೂ ವಿನಾಯಿತಿ ಇದೆ. ಅವನ್ನು ಚೀಲದ ತಳದಲ್ಲಿ ತುರುಕದೆ ಬೇರೆ ಚೀಲದಲ್ಲಿಟ್ಟು, "ಇದು ಮಗುವಿನ ಊಟ" ಎಂದು ಮೊದಲೇ ತೆಗೆದು ತೋರಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಉಪ್ಪಿನಕಾಯಿ, ತುಪ್ಪ, ಚಟ್ನಿಗೆ ಈ ವಿನಾಯಿತಿ ಇಲ್ಲ.

ಇಳಿಯುವ ದೇಶದ ನಿಯಮ ಇನ್ನೂ ಬಿಗಿ. ಯುರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಪೇಡ, ತುಪ್ಪ, ಪನೀರ್ ಎಲ್ಲ ಅದರಲ್ಲೇ ಬರುತ್ತವೆ. ಕೂಸಿನ ಹಾಲಿನ ಪುಡಿ, ಶಿಶು ಆಹಾರಕ್ಕೆ ಮಾತ್ರ, ತೆರೆಯುವ ಮೊದಲು ಫ್ರಿಜ್ ಬೇಡದ ಮೊಹರಾದ ಕಂಪನಿ ಪೊಟ್ಟಣವಾಗಿದ್ದರೆ, ತಲೆಗೆ 2 ಕಿಲೋವರೆಗೆ ಅವಕಾಶವಿದೆ. ಹಣ್ಣುಗಳಲ್ಲಿ ಮಾವು, ಸಪೋಟಕ್ಕೆ ಪ್ರಮಾಣಪತ್ರ ಬೇಕು. ಬಾಳೆ, ಅನಾನಸ್, ತೆಂಗಿನಕಾಯಿ, ಖರ್ಜೂರ, ಡುರಿಯನ್, ಈ ಐದಕ್ಕೆ ಬೇಡ. ನಮ್ಮ ಏಲಕ್ಕಿ ಬಾಳೆ ಹೀಗೆ ನಿರಾತಂಕವಾಗಿ ಜರ್ಮನಿ ತಲುಪುತ್ತದೆ. ಅಮೆರಿಕಕ್ಕೆ ಹೋಗುವವರು ಇನ್ನೂ ಹುಷಾರಾಗಿರಬೇಕು: 2018ರಲ್ಲಿ ಪ್ಯಾರಿಸ್‌ನಿಂದ ಹೋದ ಪ್ರಯಾಣಿಕರೊಬ್ಬರಿಗೆ, ವಿಮಾನದಲ್ಲೇ ತಿನ್ನಲು ಕೊಟ್ಟ ಒಂದು ಸೇಬು ಚೀಲದಲ್ಲಿ ಉಳಿದಿದ್ದಕ್ಕೆ 500 ಡಾಲರ್ ದಂಡ ಬಿತ್ತು. ಮಗು ಅರ್ಧ ಕಚ್ಚಿಟ್ಟ ಹಣ್ಣು, ಮಿಕ್ಕ ಸ್ಯಾಂಡ್‌ವಿಚ್, ಎಲ್ಲವನ್ನೂ ಇಳಿಯುವ ಮೊದಲು ವಿಮಾನದ ಕಸದ ಚೀಲಕ್ಕೆ ಹಾಕಿ. ಆಸ್ಟ್ರೇಲಿಯಾಕ್ಕೆ ಹೋಗುವವರು ಉಳಿದ ಪ್ರತಿಯೊಂದು ತಿನಿಸನ್ನೂ ಘೋಷಣಾ ಚೀಟಿಯಲ್ಲಿ ಬರೆಯಲಿ.

ಅಪ್ಪ ಅಮ್ಮಂದಿರ ಊಟವನ್ನು ಯಾರೂ ನೆನೆಯುವುದಿಲ್ಲ, ಆದ್ದರಿಂದ ಒಂದು ಮಾತು. ಇಬ್ಬರ ತಟ್ಟೆಯೂ ಒಟ್ಟಿಗೆ ಬಂದರೆ, ಮಡಿಲಲ್ಲಿ ಕೂಸಿರುವವರು ಉಣ್ಣಲಾರರು, ಅಲುಗಲೂ ಆರರು. ಒಬ್ಬರದನ್ನು ಇಪ್ಪತ್ತು ನಿಮಿಷ ತಡವಾಗಿ ಕೊಡಿ ಎಂದು ಮೊದಲೇ ಹೇಳಿದರೆ ಸಿಬ್ಬಂದಿ ಖುಷಿಯಿಂದ ಕೊಡುತ್ತಾರೆ. ಕಾಫಿ ಚಹಾ ಮಾತ್ರ ಮಗುವಿನ ತಲೆಯ ಮೇಲಿಂದ ದಾಟಿ ಬರದಂತೆ ನೋಡಿಕೊಳ್ಳಬೇಕು. ಬೇಕಾದರೆ ಒಬ್ಬರೇ ಹಿಂದಿನ ಪ್ಯಾಂಟ್ರಿಯ ಬಳಿ ಹೋಗಿ ನಿಂತು ಕುಡಿದು ಬರುವುದು ಕ್ಷೇಮ.

ಮುಂದಿನ ಪ್ರಯಾಣದ ಹೊತ್ತಿಗೆ ಮಗನಿಗೆ ಎರಡು ತುಂಬಿ ಸ್ವಂತ ಸೀಟು ಬಂದಿರುತ್ತದೆ. ಮೊನ್ನೆ ಕಂಪನಿಗೆ ಫೋನು ಮಾಡಿ, ಎರಡು ವರ್ಷದವನಿಗೆ ಖಾರವಿಲ್ಲದ ಸಸ್ಯಾಹಾರ ಕೊಡುವ ದಾರಿ ಏನೆಂದು ಕೇಳಿದೆ. ಮಗುವಿನ ಸಂಕೇತವೋ ಸಸ್ಯಾಹಾರದ ಸಂಕೇತವೋ, ಒಂದು ಹೇಳಿ ಎಂದರು. ಎವಿಎಂಎಲ್ ಹಾಕಿಸಿದೆ, ಎರಡೂ ಬೇಕೆಂಬ ಕೋರಿಕೆಯನ್ನು ಅವರ ದೂರು ಸಲಹೆ ವಿಭಾಗಕ್ಕೆ ಬರೆದು ಕಳಿಸಿದೆ. ನೀವೂ ಬರೆಯಿರಿ, ಪ್ರತಿ ಬುಕಿಂಗ್‌ಗೂ ಬರೆಯಿರಿ. ಅಮ್ಮನಿಗೂ ಹೇಳಿದ್ದೇನೆ, ಈ ಸಲ ಹುರಿಹಿಟ್ಟು ಒಂದು ಸೇರು ಹೆಚ್ಚಿಗೆ ಬೇಕು.